ನಿಂತು ನೋಡುವ ಪಾಠ

ವರ್ಷಕ್ಕೊಮ್ಮೆ ಮಕ್ಕಳನ್ನು ಭಾಯಖಳಾದ ರಾಣಿಬಾಗಿಗೆ ಕರೆದೊಯ್ಯುವುದು ನಮ್ಮಂಥ ಶಾಲೆಗಳ ವಾಡಿಕೆ. ಮಕ್ಕಳ ಓಟವೆಲ್ಲ ಪೆಂಗ್ವಿನ್ ಹಕ್ಕಿಗಳ ಕಡೆಗೆ. ಶಿಕ್ಷಕರಾದ ನಮ್ಮ ಗಮನವೆಲ್ಲ ತಲೆ ಎಣಿಸುವುದರ ಕಡೆಗೆ. ಹೀಗಾಗಿ ಅಲ್ಲಿಯ ವಸ್ತುಸಂಗ್ರಹಾಲಯದ ಬದಿಯಲ್ಲಿ ನಿಂತಿರುವ ಕಲ್ಲಾನೆಯನ್ನು ನಾವು ಎಷ್ಟೋ ಸಲ ಕಂಡೂ ಕಾಣದಂತೆ ದಾಟಿ ಹೋಗಿದ್ದೇವೆ. ಈ ತಪ್ಪು ಮಕ್ಕಳದಲ್ಲ, ನಮ್ಮದು.

ಆ ಆನೆ ಸಾಮಾನ್ಯವಾದುದಲ್ಲ. ಘಾರಾಪುರಿ ದ್ವೀಪದಲ್ಲಿ ಅದನ್ನು ಕಂಡೇ ಪೋರ್ಚುಗೀಜರು ಆ ದ್ವೀಪವನ್ನು ಎಲಿಫೆಂಟಾ ಎಂದು ಕರೆದರು. 1864ರಲ್ಲಿ ಆಂಗ್ಲರು ಅದನ್ನು ತಮ್ಮ ದೇಶಕ್ಕೆ ಸಾಗಿಸಲು ಯತ್ನಿಸಿದಾಗ ಎತ್ತುವ ಯಂತ್ರವೇ ಮುರಿದು ಆನೆ ತುಂಡುತುಂಡಾಯಿತು. ಆ ತುಂಡುಗಳನ್ನು ಕೂಡಿಸಿ 1914ರಲ್ಲಿ ಮರಳಿ ನಿಲ್ಲಿಸಿದರು.

ಅದೇ ಉದ್ಯಾನದಲ್ಲಿ, ಮುಂದೆ ಏಳನೆಯ ಎಡ್ವರ್ಡ್ ಎನಿಸಿದ ಯುವರಾಜನ ಅಶ್ವಾರೂಢ ಪ್ರತಿಮೆಯೂ ಇದೆ. 1879ರಿಂದ ಕೋಟೆ ಭಾಗದಲ್ಲಿದ್ದ ಅದನ್ನು 1965ರಲ್ಲಿ ಅಲ್ಲಿಂದ ತೆಗೆಯಲಾಯಿತು. ಆದರೆ ಕುದುರೆ ಹೋದ ಮೇಲೂ ಜನರು ಆ ಸ್ಥಳವನ್ನು ‘ಕಾಲಾ ಘೋಡಾ’ ಎಂದೇ ಕರೆಯುತ್ತ ಬಂದರು. 2017ರಲ್ಲಿ ಅಲ್ಲಿ ಹೊಸ ಕುದುರೆಯೊಂದು ನಿಂತಿತು. ಅದರ ಬೆನ್ನ ಮೇಲೆ ಸವಾರನಿಲ್ಲ. ಪೀಠದ ಮೇಲೆ ಯಾರನ್ನು ಕೂರಿಸಬೇಕು, ಯಾರನ್ನು ಇಳಿಸಬೇಕು ಎಂಬುದನ್ನು ಕಾಲವೂ ಜನರೂ ಕೂಡಿ ತೀರ್ಮಾನಿಸುವರೆಂಬುದಕ್ಕೆ ಇದಕ್ಕಿಂತ ಸುಲಭವಾದ ಪಾಠ ಬೇರೊಂದುಂಟೆ?

ಪರೀಕ್ಷೆಗೆ ಬಾರದ ವಿಷಯಕ್ಕೆ ವೇಳೆಯೆಲ್ಲಿ ಎಂದು ಕೆಲವರು ಕೇಳುವುದುಂಟು. ಕನ್ನಡದ ಮಕ್ಕಳಿಗೆ ಬೇಲೂರು ಹಳೇಬೀಡುಗಳು ಸಾಲವೆ ಎಂದು ಮತ್ತೆ ಕೆಲವರ ಪ್ರಶ್ನೆ. ಬೇಲೂರಿನ ಹಿರಿಮೆಯನ್ನು ನಾವೂ ಅಭಿಮಾನದಿಂದ ಕಲಿಸುತ್ತೇವೆ. ಆದರೆ ಇಲ್ಲಿಯೇ ಹುಟ್ಟಿ ಬೆಳೆಯುತ್ತಿರುವ ನಮ್ಮ ಅನೇಕ ಮಕ್ಕಳಿಗೆ ಅದು ಪಟದಲ್ಲಿ ಕಂಡ ಊರು. ರಾಣಿಬಾಗಿನ ಆನೆಯಾದರೋ ಲೋಕಲ್ ಗಾಡಿಯ ದಾರಿಯಲ್ಲಿದೆ. ಕಣ್ಣೆದುರಿನ ಕಲ್ಲನ್ನು ನೋಡಲು ಕಲಿಯದ ಮಗು ಮುಂದೊಂದು ದಿನ ಹಳೇಬೀಡಿಗೆ ಹೋದರೂ ಗೋಡೆಯ ಮೇಲೆ ತನ್ನ ಹೆಸರು ಕೆತ್ತಿ ಬಂದೀತೆಂಬ ಭಯ ನಮಗಿದೆ.

ಹೊಟ್ಟೆಪಾಡಿಗೆಂದು ಬಂದ ನಾವು ಈ ನಗರವನ್ನು ಬಹುಕಾಲ ಪರರ ಊರೆಂದೇ ತಿಳಿದೆವು. ನಮ್ಮ ಮಕ್ಕಳು ಹಾಗೆ ತಿಳಿಯಬಾರದು. ಬೀದಿಯ ಶಿಲ್ಪಕ್ಕೆ ಚೀಟಿ ಬೇಕಿಲ್ಲ, ಬಾಗಿಲಿಲ್ಲ. ನಿಂತು ನೋಡುವವರೆಲ್ಲರೂ ಅದಕ್ಕೆ ಹಕ್ಕುದಾರರು.

ಆದುದರಿಂದ ಸಹೋದ್ಯೋಗಿಗಳಲ್ಲಿಯೂ ಪಾಲಕರಲ್ಲಿಯೂ ನಮ್ಮ ವಿನಂತಿ ಇಷ್ಟೆ: ಮುಂದಿನ ಪ್ರವಾಸದಲ್ಲಿ ಒಂದು ಶಿಲ್ಪದ ಮುಂದೆ ಮಕ್ಕಳನ್ನು ಅರ್ಧ ಗಂಟೆ ನಿಲ್ಲಿಸೋಣ. ಅದರ ಸುತ್ತ ಒಂದು ಸುತ್ತು ಬರಲಿ, ಬೆಸೆದ ಗುರುತುಗಳನ್ನು ಹುಡುಕಲಿ, ಕಂಡದ್ದನ್ನು ಕನ್ನಡದಲ್ಲಿ ಹತ್ತು ಸಾಲು ಬರೆಯಲಿ. ಪೆಂಗ್ವಿನ್ ಹಕ್ಕಿಗಳನ್ನು ಆಮೇಲೆ ನೋಡಿದರಾಯಿತು.