ಬಾಗಿಲ ಸಂದಿಯ ಚಳಿ

ನಮ್ಮ ತಿಪಟೂರಿನ ಕಡೆ ಚಳಿ ಎಂದರೆ ಬೆಳಗಿನ ಹೊತ್ತು ಒಂದು ಶಾಲು, ಅಷ್ಟೇ. ದೆಹಲಿಗೆ ಬಂದ ಮೇಲೆ ಗೊತ್ತಾಯಿತು ಚಳಿ ಅಂದರೇನು ಅಂತ. ಜನವರಿಯ ಕೆಲವು ರಾತ್ರಿ 4 ಡಿಗ್ರಿಗೂ ಕೆಳಗೆ ಇಳಿಯುತ್ತೆ. ನಾವಿರುವಂಥ ಹಳೇ ಮನೆಗಳನ್ನೋ ಬೇಸಿಗೆಯ ಸೆಕೆಗೆಂದೇ ಕಟ್ಟಿದ ಹಾಗಿದೆ: ಮೊಸಾಯಿಕ್ ನೆಲ, ದೊಡ್ಡ ಕಿಟಕಿ, ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದಿ.

ಹೋದ ಚಳಿಗಾಲ ಅತ್ತೆಯವರು ಬಂದಿದ್ದರು. "ಏನಮ್ಮಾ, ಹೀಟರ್ ಮುಂದೆ ಕೂತ್ರೂ ಬೆನ್ನಿಗೆ ಯಾರೋ ತಣ್ಣೀರು ಚಿಮುಕಿಸಿದ ಹಾಗಾಗುತ್ತಲ್ಲ" ಅಂದರು. ಕರೆಂಟ್ ಬಿಲ್ ನೋಡಿ ನಮ್ಮವರೂ ತಣ್ಣಗಾದರು! ಆಗ ನಾನು ಮನೆಯ ಸಂದಿಗೊಂದಿ ಹುಡುಕಲು ಹೊರಟೆ.

ನೀವೂ ಮಾಡಿ ನೋಡಿ. ಹೊರಗೆ ಗಾಳಿ ಇರುವ ದಿನ ಊದುಬತ್ತಿ ಹಚ್ಚಿ ಬಾಗಿಲು, ಕಿಟಕಿಗಳ ಅಂಚಿನುದ್ದಕ್ಕೂ ನಿಧಾನವಾಗಿ ಹಿಡಿಯಿರಿ. (ಪರದೆಗೆ ತಗಲೀತು, ಜೋಕೆ.) ಹೊಗೆ ನೆಟ್ಟಗೆ ಏರಿದರೆ ಸರಿ, ಅಡ್ಡ ಬಾಗಿದರೆ ಅಲ್ಲಿಂದಲೇ ಚಳಿ. ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಬರುತ್ತಿದ್ದದ್ದು ಕೂಲರ್ ಕೂರಿಸಿದ ಕಿಟಕಿಯಿಂದ. ಕೂಲರ್ ಇಳಿಸಿ, ಆ ಜಾಗಕ್ಕೆ ಪ್ಲೈವುಡ್ ಹೊಡೆಸಿದೆವು. ಉಳಿದ ಕಿಟಕಿಗಳಿಗೆ ಹಾರ್ಡ್‌ವೇರ್ ಅಂಗಡಿಯ ಅಂಟಿರುವ ಫೋಮ್ ಪಟ್ಟಿ ಸಾಕಾಯಿತು.

ಬಾಗಿಲಿಗೆ ನಮ್ಮವರ ಹಳೇ ಪ್ಯಾಂಟು. ಎರಡೂ ಕಾಲು ಕತ್ತರಿಸಿ, ಬಾಗಿಲಿನ ಅಗಲಕ್ಕೆ ಸರಿಯಾಗಿ ಜೋಡಿಸಿ ಹೊಲಿದು, ಬಿಸಿಲಲ್ಲಿ ಒಣಗಿಸಿದ ಮರಳು ತುಂಬಿ ಬಾಯಿಗೆ ಎರಡು ಸಲ ಹೊಲಿಗೆ ಹಾಕಿದೆ. ಮೊದಲು ಹತ್ತಿ ತುಂಬಿ ಪೆಚ್ಚಾಗಿದ್ದೆ, ಹಗುರವಾಗಿ ಸರಿದುಹೋಗುತ್ತಿತ್ತು. ನೆಲಕ್ಕೆ ಹಳೇ ಪೇಪರ್ ಹಾಸಿ ಮೇಲೆ ಜಮಖಾನ. ಪರದೆಗಳನ್ನು ಬಿಸಿಲಿರುವಷ್ಟು ಹೊತ್ತು ತೆರೆದಿಟ್ಟು ಸಂಜೆ 5ಕ್ಕೆಲ್ಲ ಎಳೆದುಬಿಡುತ್ತೇನೆ.

ಇನ್ನು ನನ್ನ ದಡ್ಡತನ ಹೇಳಲೇಬೇಕು. ಇದೇ ಉತ್ಸಾಹದಲ್ಲಿ ಬಚ್ಚಲಮನೆಯ ಕಿಂಡಿಗೂ ಬಟ್ಟೆ ತುರುಕಿದೆ. ಅಲ್ಲಿದ್ದದ್ದು ಗ್ಯಾಸ್ ಗೀಸರ್! ಸ್ನಾನಕ್ಕೆ ಹೋದ ಮಗಳು "ಅಮ್ಮಾ, ತಲೆ ತಿರುಗ್ತಿದೆ" ಅಂತ ಹೇಗೋ ಚಿಲಕ ತೆಗೆದು ಹೊಸ್ತಿಲಲ್ಲೇ ಕುಸಿದಳು. ನಾನೂ ಅತ್ತೆಯವರೂ ಸೇರಿ ಬಾಲ್ಕನಿಗೆ ಎಳೆದುಕೊಂಡು ಹೋದೆವು, ಕೂಡಲೇ ಆಸ್ಪತ್ರೆಗೆ ಓಡಿದೆವು. ಗ್ಯಾಸು, ಇದ್ದಿಲು ಗಾಳಿ ಸಾಲದೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇಲ್ಲಿ ಚಳಿಗೆಂದು ಇದ್ದಿಲಿನ ಅಂಗೀಠಿ ಕೋಣೆಯೊಳಗಿಟ್ಟು ಬಾಗಿಲು ಹಾಕಿ ಮಲಗಿದವರು ಬೆಳಿಗ್ಗೆ ಏಳದೇ ಹೋದ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಅದೂ ಇದೇ ವಿಷ. ಅಂಗೀಠಿಯನ್ನು ಒಳಗೆ ತರಲೇಬೇಡಿ. ಗ್ಯಾಸ್ ಉರಿಯುವ ಕಡೆ ಎಷ್ಟೇ ಚಳಿಯಾದರೂ ಕಿಂಡಿ ಮುಚ್ಚಬೇಡಿ.

ಗೀಸರ್ ಈಗ ಬಚ್ಚಲಮನೆಯ ಹೊರಗೆ, ತೆರೆದ ಬಾಲ್ಕನಿಯಲ್ಲಿದೆ. ಪೈಪು ಮಾತ್ರ ಒಳಗೆ ಬರುತ್ತೆ. ಆದರೂ ಮಗಳು ಸ್ನಾನಕ್ಕೆ ಹೋದರೆ ನಾನು ಎರಡು ಸಲ ಕೂಗಿ ಮಾತಾಡಿಸುತ್ತೇನೆ. "ಬದುಕಿದ್ದೀನಮ್ಮಾ" ಅಂತ ರೇಗುತ್ತಾಳೆ. ರೇಗಲಿ ಬಿಡಿ.