ಗಲ್ಲಿ ಬಾಯ್ ಹಾಡಿನಲ್ಲಿ ನಮ್ಮ ಮಾಣಿ ಎಲ್ಲಿ?

ಡೊಂಬಿವಲಿ ಸ್ಟೇಷನ್ನಿನ ಹೊರಗೆ ನಿಲ್ಲುವ ರಿಕ್ಷಾಗಳ ಬೆನ್ನ ಮೇಲೆ ಮೊದಲೆಲ್ಲ ದೇವರ ಹೆಸರು, ಇಲ್ಲವೇ ಅಮ್ಮನ ಆಶೀರ್ವಾದ ಇರುತ್ತಿತ್ತು. 2019ರ ನಂತರ ಅದರ ಪಕ್ಕದಲ್ಲಿ ‘ಅಪ್ನಾ ಟೈಮ್ ಆಯೇಗಾ’ ಬಂದು ಕೂತಿತು. ಸಿನಿಮಾ ಹಾಡಿನ ಹೆಸರೊಂದು ಹೀಗೆ ಊರಿನ ಮಾತಾಗುವುದು ಅಪರೂಪ. ಅದೂ ರ‍್ಯಾಪ್ ಹಾಡು! ನಮ್ಮ ವಯಸ್ಸಿನವರು ‘ಅದೇನು ಹಾಡೇ? ಜಗಳ ಆಡಿದ ಹಾಗಿದೆ’ ಎಂದು ಮೂಗು ಮುರಿಯುವ ಪ್ರಕಾರ.

ಜೋಯಾ ಅಖ್ತರ್ ಅವರ ‘ಗಲ್ಲಿ ಬಾಯ್’ ತೆರೆಗೆ ಬಂದದ್ದು 2019ರ ಫೆಬ್ರವರಿ 14ರಂದು. ಹಾಡುಗಳು ಅದಕ್ಕೂ ಮೊದಲೇ, ಜನವರಿಯಲ್ಲಿ ಬಂದವು. ಒಟ್ಟು 18. ಹಿಂದಿ ಸಿನಿಮಾ ಎಂದರೆ ಒಬ್ಬ ಸಂಗೀತ ನಿರ್ದೇಶಕ, ಇಬ್ಬರು ಮೂವರು ಗಾಯಕರು ಎಂಬ ಲೆಕ್ಕ ನಮ್ಮದು. ಇಲ್ಲಿ 50ಕ್ಕೂ ಹೆಚ್ಚು ಜನ ಸೇರಿ ಒಂದು ಆಲ್ಬಂ ಕಟ್ಟಿದರು. ಅವರನ್ನೆಲ್ಲ ಒಂದೆಡೆ ತಂದವರು ಅಂಕುರ್ ತಿವಾರಿ. ನಾಯಕ ರಣವೀರ್ ಸಿಂಗ್ ತನ್ನ ರ‍್ಯಾಪ್ ತಾನೇ ಹೇಳಿದ. ಮುಂದಿನ ವರ್ಷ ಫಿಲ್ಮ್‌ಫೇರ್‌ನಲ್ಲಿ ಈ ಸಿನಿಮಾ 13 ಪ್ರಶಸ್ತಿ ಬಾಚಿಕೊಂಡು ದಾಖಲೆ ಬರೆಯಿತು.

ನನಗೆ ಹಿಡಿಸಿದ್ದು ದಾಖಲೆಯಲ್ಲ, ವಿಳಾಸ. ಕಥೆಗೆ ಸ್ಫೂರ್ತಿಯಾದ ಇಬ್ಬರೂ ಇಲ್ಲಿನವರೇ. ‘ಡಿವೈನ್’ ಎಂಬ ವಿವಿಯನ್ ಫರ್ನಾಂಡಿಸ್ ಅಂಧೇರಿ ಪೂರ್ವದ ಜೆ.ಬಿ. ನಗರದವನು, ‘ನೇಜಿ’ ಎಂಬ ನವೇದ್ ಶೇಖ್ ಕುರ್ಲಾ ಪಶ್ಚಿಮದವನು. 2014ರಲ್ಲಿ ನೇಜಿ ತನ್ನ ‘ಆಫತ್’ ಹಾಡನ್ನು ಮಾಡಿದ್ದು ಒಂದು ಐಪ್ಯಾಡ್ ಇಟ್ಟುಕೊಂಡು. ಮರುವರ್ಷ ಇಬ್ಬರೂ ಸೇರಿ ‘ಮೇರೆ ಗಲ್ಲಿ ಮೇ’ ಮಾಡಿದರು, ಸಿನಿಮಾ ಅದನ್ನು ಆಮೇಲೆ ಎತ್ತಿಕೊಂಡಿತು. ಈ ಹುಡುಗರು ತಮ್ಮ ಗುರುತು ಹೇಳುವುದು ಪಿನ್‌ಕೋಡಿನಿಂದ: ಅಂಧೇರಿಯವನು 59, ಕುರ್ಲಾದವನು 70. ನಾವು ಮುಂಬಯಿಗೆ ಬಂದು ಮೂವತ್ತು ವರ್ಷ ಕಳೆದರೂ ‘ನಿಮ್ಮದು ಯಾವೂರು?’ ಎಂದರೆ ಕುಂದಾಪುರ, ಕುಮಟಾ, ವಿಜಯಪುರ ಎನ್ನುತ್ತೇವೆ. 421201 ನನ್ನ ಊರು ಎಂದು ಎದೆ ತಟ್ಟಿಕೊಂಡ ಕನ್ನಡಿಗನನ್ನು ನಾನಂತೂ ಡೊಂಬಿವಲಿಯಲ್ಲಿ ಕಂಡಿಲ್ಲ.

ಆಲ್ಬಮ್ಮಿನ ಎಲ್ಲವೂ ಒಂದೇ ತೂಕದ್ದಲ್ಲ. ‘ಆಜಾದಿ’ ಹಾಡು 2016ರಲ್ಲಿ ಡಬ್ ಶರ್ಮಾ ಮೊದಲು ಮಾಡಿದಾಗ ಅದರೊಳಗೆ ಜೆಎನ್‌ಯು ಘೋಷಣೆಯ ಬಿಸಿ ನೇರವಾಗಿತ್ತು. ಸಿನಿಮಾಕ್ಕೆ ಬರುವಾಗ ಮಾತು ಬದಲಾಗಿ ಮೊನೆ ಸವೆಯಿತು. ಸಿನಿಮಾ ವ್ಯಾಪಾರದಲ್ಲಿ ಇದು ಇದ್ದದ್ದೇ, ಆದರೂ ಖೇದವೆನಿಸುತ್ತದೆ. ಬದಲಿಗೆ ‘ದೂರಿ’ ಕೇಳಿ. ಶ್ರೀಮಂತರ ಕಾರು ಓಡಿಸುವ ಹುಡುಗ, ಹಿಂದಿನ ಸೀಟಿನಲ್ಲಿ ಅಳುತ್ತಿರುವ ಯಜಮಾನನ ಮಗಳು. ಸಮಾಧಾನದ ಒಂದು ಮಾತು ಹೇಳಲೂ ಅವನಿಗೆ ಹಕ್ಕಿಲ್ಲ. ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ನಡುವಿನ ದೂರ ಎಷ್ಟು ಎಂಬುದು ಈ ಊರಲ್ಲಿ ಚಾಕರಿ ಮಾಡಿದವರಿಗೆಲ್ಲ ಗೊತ್ತು.

ಇನ್ನೊಂದು ‘ಇಂಡಿಯಾ 91’. ಅದರ ಲಯದ ಹಿಂದೆ ಇರುವವರು ಮುಂಬಯಿಯ ಮೃದಂಗ ವಿದ್ವಾಂಸ ವಿವೇಕ್ ರಾಜಗೋಪಾಲನ್. ‘ತ ಧೋಂ’ ಎಂಬ ಹೆಸರಿನಲ್ಲಿ ಅವರು ಗಲ್ಲಿ ಹುಡುಗರಿಗೆ ಕರ್ನಾಟಕ ಸಂಗೀತದ ಲೆಕ್ಕಾಚಾರ ಕಲಿಸಿ, ಅವರಿಂದ ರ‍್ಯಾಪ್ ಕಲಿತವರು. ಹಾಡಿನಲ್ಲಿ ಹುಡುಗರು ಸರದಿಯ ಮೇಲೆ ತಂತಮ್ಮ ಭಾಷೆಯೊಡನೆ ಬರುತ್ತಾರೆ. ಅಮರಾವತಿ ಮೂಲದ 100 ಆರ್‌ಬಿಎಚ್ ಮರಾಠಿಯ ರ‍್ಯಾಪರ್, ಎಂಸಿ ತೋಡ್‌ಫೋಡ್ ಗುಜರಾತಿಯ ರ‍್ಯಾಪರ್. (ತೋಡ್‌ಫೋಡ್ 2022ರಲ್ಲಿ, 24ನೇ ವಯಸ್ಸಿಗೇ ತೀರಿಕೊಂಡ.) ಮನೆಯಲ್ಲಿ ಆಡುವ ಭಾಷೆಯನ್ನು ಬೀದಿಗೆ ತಂದು ನಿಲ್ಲಿಸಿದ ಧೈರ್ಯ ಅದು.

ಈ ಸಾಲಿನಲ್ಲಿ ಕನ್ನಡ ಇಲ್ಲ. ಕನ್ನಡಿಗ ಇದ್ದಾರೆ. ‘ಟ್ರೇನ್ ಸಾಂಗ್’ನಲ್ಲಿ ಕೇಳುವ ದನಿ ಮೈಸೂರಲ್ಲಿ ಬೆಳೆದ ನಮ್ಮ ರಘು ದೀಕ್ಷಿತ್ ಅವರದ್ದು. ಆದರೆ ಹಾಡು ಹಿಂದಿ. ನೂರು ವರ್ಷಕ್ಕೂ ಮೇಲಾಗಿ ಈ ಊರಿನ ಕಪ್ಪು ತೊಳೆದ, ಮಿಲ್ಲಿನಲ್ಲಿ ದುಡಿದ, ರಾತ್ರಿ ಶಾಲೆಯಲ್ಲಿ ಓದಿದ ಭಾಷೆ ಗಲ್ಲಿಯ ಹಾಡಿಗೆ ಬೇಕಾಗಲಿಲ್ಲ. ಮಹಾನಗರಪಾಲಿಕೆ ಶಾಲೆ ನಡೆಸುವ ಎಂಟು ಭಾಷೆಗಳಲ್ಲಿ ಕನ್ನಡವೂ ಒಂದು. ಆ ಹಾಡು ಬಂದ ದಿನಗಳಲ್ಲೇ, ಅದೇ ಜನವರಿಯಲ್ಲಿ, ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳ ಇಂಗ್ಲಿಷ್ ಸಂಕಲನ ‘ನೋ ಪ್ರೆಸೆಂಟ್ಸ್ ಪ್ಲೀಸ್’ಗೆ ಡಿಎಸ್‌ಸಿ ಪ್ರಶಸ್ತಿ ಬಂತು. ಅಂದರೆ ಈ ಊರಿನ ಗಲ್ಲಿ ನಮ್ಮ ಪುಸ್ತಕದಲ್ಲಿ ಧಾರಾಳವಾಗಿದೆ. ನಮ್ಮ ಭಾಷೆ ಮಾತ್ರ ಗಲ್ಲಿಯಲ್ಲಿಲ್ಲ.

ಜೋಯಾ ಅವರನ್ನು ದೂರಿ ಫಲವಿಲ್ಲ. ರ‍್ಯಾಪ್ ಹುಟ್ಟುವುದು ಜಗಳ ಆಡುವ ಭಾಷೆಯಲ್ಲಿ. ನಮ್ಮ ಮಕ್ಕಳು ಕನ್ನಡದಲ್ಲಿ ಊಟ ಕೇಳುತ್ತಾರೆ, ಅಜ್ಜಿಗೆ ಫೋನು ಮಾಡುತ್ತಾರೆ. (ಕರಾವಳಿಯ ಎಷ್ಟೋ ಮನೆಗಳಲ್ಲಿ ಅದೂ ತುಳುವಿನಲ್ಲಿ.) ಕೆಳಗೆ ಇಳಿದು ಕ್ರಿಕೆಟ್ಟಿನ ಔಟಿಗೆ ಕಿತ್ತಾಡುವಾಗ ಬಾಯಿಗೆ ಬರುವುದು ಬಂಬಯ್ಯಾ ಹಿಂದಿ. ನಾವೂ ಕನ್ನಡವನ್ನು ಇಸ್ತ್ರಿ ಮಾಡಿ ಸಂಘದ ಹಾಲಿನಲ್ಲಿ ತೂಗುಹಾಕಿದ್ದೇವೆ. ನವೆಂಬರಿನಲ್ಲಿ ಒಂದು ಭಾವಗೀತೆ ಸ್ಪರ್ಧೆ, ಒಂದು ವಚನ ಕಂಠಪಾಠ. ಅಷ್ಟು ಮಡಿಯಲ್ಲಿಟ್ಟ ಭಾಷೆ ಬೀದಿಗೆ ಬರುವುದು ಹೇಗೆ?

ಕನ್ನಡಕ್ಕೆ ಈ ಆಟ ಹೊಸದೇನೂ ಅಲ್ಲ. ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಲಾವಣಿಯಲ್ಲಿ ಒಬ್ಬರು ಗಂಡು ಹೆಚ್ಚು ಎಂದು, ಇನ್ನೊಬ್ಬರು ಹೆಣ್ಣು ಹೆಚ್ಚು ಎಂದು ರಾತ್ರಿಯಿಡೀ ಹಾಡಿನಲ್ಲೇ ಸವಾಲು ಹಾಕುತ್ತಾರೆ. ನಮ್ಮ ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಇಬ್ಬರು ಅರ್ಥಧಾರಿಗಳು ಎದುರುಬದುರು ಕೂತು ಆಶುವಾಗಿ ಮಾತು ಬೆಳೆಸಿ ಎದುರಾಳಿಯನ್ನು ಕಟ್ಟಿಹಾಕಬೇಕು. ಪ್ರತಿ ಮಳೆಗಾಲ ಊರಿನಿಂದ ಕಲಾವಿದರು ಮುಂಬಯಿಗೆ ಬರುತ್ತಾರಲ್ಲ, ಸಭಿಕರಲ್ಲಿ ಮೊಮ್ಮಕ್ಕಳು ಎಷ್ಟಿದ್ದಾರೆ ಎಂದು ಒಮ್ಮೆ ಎಣಿಸಿ ನೋಡಿ. ಸಿನಿಮಾದ ರ‍್ಯಾಪ್ ಬ್ಯಾಟಲ್ ನೋಡಿ ಶಿಳ್ಳೆ ಹೊಡೆದ ಹುಡುಗರಿಗೆ, ಅದೇ ಜಾತಿಯ ಆಟ ಮಾಟುಂಗಾದ ಹಾಲಿನಲ್ಲೂ ನಡೆಯುತ್ತದೆಂದು ಯಾರೂ ಹೇಳಿಲ್ಲ.

ನಮ್ಮ ಬಿಲ್ಡಿಂಗಿನ ಹದಿನೇಳರ ಹುಡುಗನೊಬ್ಬ ಕಳೆದ ರಾಜ್ಯೋತ್ಸವಕ್ಕೆ ಕನ್ನಡದಲ್ಲಿ ರ‍್ಯಾಪ್ ಮಾಡುತ್ತೇನೆಂದು ಹೆಸರು ಕೊಟ್ಟಿದ್ದ. ಉಪನಗರದ ಆ ಸಂಘದವರು ‘ಒಂದು ಭಾವಗೀತೆ ಹಾಡಪ್ಪ, ಸಾಕು’ ಎಂದರು. ಹುಡುಗ ಹಾಡಲಿಲ್ಲ, ಬರೆಯುವುದನ್ನು ಬಿಡಲೂ ಇಲ್ಲ. ಅವನ ವಿಷಯ ಅಜ್ಜ: ಕುಂದಾಪುರದ ಕಡೆಯಿಂದ ಬಂದು, ಫೋರ್ಟಿನ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿದವರು. ಊರಲ್ಲಿ ‘ಮಾಣಿ’ ಅಂದರೆ ಹುಡುಗ, ಹೋಟೆಲಿನಲ್ಲಿ ‘ಮಾಣಿ’ ಅಂದರೆ ಟೇಬಲ್ಲಿಗೆ ತಿಂಡಿ ತರುವವನು. ಈ ಒಂದೇ ಪದದ ಮೇಲೆ ಅವನು ಇಡೀ ಹಾಡು ನಿಲ್ಲಿಸಿದ್ದಾನೆ.

ಪುಸ್ತಕದ ಕನ್ನಡದಲ್ಲಿ ಬರೆದರೆ ಎಲ್ಲ ಸಾಲೂ ‘ತ್ತೇನೆ, ತ್ತೇನೆ’ ಎಂದೇ ಮುಗಿಯುತ್ತದೆ ಅಂಕಲ್, ಬೋರು ಎಂದ. ನಾನು ಎರಡು ಮಾತು ಹೇಳಿದೆ. ನಮ್ಮ ಹಳೆಯ ಕವಿಗಳು ಪ್ರಾಸ ಇಡುತ್ತಿದ್ದದ್ದು ಸಾಲಿನ ಕೊನೆಯಲ್ಲಲ್ಲ, ಮೊದಲಲ್ಲಿ, ಎರಡನೇ ಅಕ್ಷರಕ್ಕೆ; ಅದನ್ನು ಪ್ರಯತ್ನಿಸು. ಮತ್ತೆ ನಿನ್ನ ಅಜ್ಜನ ಕುಂದಾಪುರ ಕನ್ನಡ ತಗೋ. ಅದು ಕೊನೆಯ ಸ್ವರ ನುಂಗಿ ಹೋಯ್ಕ್, ಬರ್ಕ್ ಎಂದು ಟಕ್ಕನೆ ನಿಲ್ಲುತ್ತದೆ, ಬೀಟಿಗೆ ಹೇಳಿ ಮಾಡಿಸಿದ್ದು.

ಹೊಸ ಕರಡನ್ನು ಅಜ್ಜನಿಗೆ ಫೋನಿನಲ್ಲಿ ಕೇಳಿಸಿದನಂತೆ. ಅವರು ಎರಡು ಸಲ ಹಾಕಿಸಿ ಕೇಳಿ, ಒಂದೇ ತಿದ್ದುಪಡಿ ಹೇಳಿದರು: “ಲೋಟ ತೊಳ್ದದ್ದಲ್ಲ ಮಾಣಿ, ಕಪ್-ಬಸಿ ತೊಳ್ದದ್ದ್.” ಈಗ ಅವನು ‘ಬಸಿ’ಗೆ ಪ್ರಾಸ ಹುಡುಕುತ್ತಿದ್ದಾನೆ. ಬಿಸಿ, ಹಸಿ, ಮಸಿ ಇಷ್ಟು ಸಿಕ್ಕಿವೆ.