ನೂರು ಸಲ ಹೊಡೆದ್ರೂ ಕುದುರೆ ಬರಲಿಲ್ವಾ? (ಗೇಮ್ ಲೆಕ್ಕ, ಭಾಗ 6)

1% ಚಾನ್ಸ್ ಅಂದ್ರೆ ನೂರು ಸಲ ಬಾಸ್‌ನ ಹೊಡೆದ್ರೆ ಐಟಂ ಗ್ಯಾರಂಟಿ ಅಂದ್ಕೊಂಡಿದ್ದೀರಾ? ಹಾಗಾದ್ರೆ ಪೂರ್ತಿ ಓದಿ. ಸ್ಟ್ಯಾಟಿಸ್ಟಿಕ್ಸ್ ಪೇಪರ್‌ಗೂ ಉಪಯೋಗಕ್ಕೆ ಬರುತ್ತೆ 😅

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಲಿಚ್ ಕಿಂಗ್ ಅಂತ ಒಬ್ಬ ಬಾಸ್. 2009ರ ಡಿಸೆಂಬರ್‌ನಲ್ಲಿ ಬಂದ ಐಸ್‌ಕ್ರೌನ್ ಸಿಟಡೆಲ್ ರೇಡಿನ ಕೊನೆಯವನು. 25 ಜನರ ಹೀರೋಯಿಕ್ ಮೋಡ್‌ನಲ್ಲಿ ಅವನನ್ನ ಸೋಲಿಸಿದ್ರೆ ಇನ್ವಿನ್ಸಿಬಲ್ ಅನ್ನೋ ಕುದುರೆ ಸಿಗಬಹುದು. "ಬಹುದು" ಅಷ್ಟೇ, ಸುಮಾರು 1%. ಈಗಿನ ಲೆವೆಲ್‌ಗೆ ಒಬ್ಬರೇ ಹೋಗಿ ಮುಗಿಸಬಹುದು, ಆದ್ರೆ ಒಂದು ಕ್ಯಾರೆಕ್ಟರ್‌ಗೆ ವಾರಕ್ಕೆ ಒಂದೇ ಸಲ.

ಬರೀ ಒಂದು ಕುದುರೆಗೆ ಇಷ್ಟಾ ಅನ್ಬೇಡಿ. ಅದು ಆರ್ಥಾಸ್ ಇನ್ನೂ ರಾಜಕುಮಾರ ಆಗಿದ್ದಾಗ ಸಾಕಿದ ಕುದುರೆ. ಹಿಮದಲ್ಲಿ ಜಿಗಿಸೋಕೆ ಹೋಗಿ ಅದರ ಕಾಲು ಮುರಿದು, ಕೊನೆಗೆ ಅವನೇ ತನ್ನ ಕೈಯಾರೆ ಅದನ್ನ ಕೊಲ್ಲಬೇಕಾಯ್ತು. ಕೆಟ್ಟವನಾದ ಮೇಲೆ ಹೂತ ಜಾಗಕ್ಕೆ ಹೋಗಿ ಎಬ್ಬಿಸ್ಕೊಂಡು ಬಂದ. ಕಥೆ ಗೊತ್ತಿದ್ದವರಿಗೆ ಅದು ಬೇಕು ಅನ್ಸೋದು ಸಹಜ.

ಈಗ ಲೆಕ್ಕ. ಒಂದು ಸಲ ಬರದೇ ಇರೋ ಸಾಧ್ಯತೆ 0.99. ಇಡೀ ವರ್ಷ, 52 ವಾರ ಹೊಡೆದ್ರೂ 100 ಜನರಲ್ಲಿ 59 ಜನಕ್ಕೆ ಖಾಲಿ ಕೈ. ನೂರು ಸಲ ಆದ್ಮೇಲೂ 37 ಜನಕ್ಕಿಲ್ಲ. 300 ವಾರ, ಅಂದ್ರೆ ಹತ್ತಿರ ಹತ್ತಿರ ಆರು ವರ್ಷ ಆದ್ಮೇಲೂ ಐದು ಜನ ಬಾಯಿ ಬಿಟ್ಕೊಂಡು ಕೂತಿರ್ತಾರೆ. ಆ ಐದು ಜನಕ್ಕೆ 301ನೇ ಸಲವೂ ಅದೇ 1%. "ಇಷ್ಟು ದಿನ ಬಂದಿಲ್ಲ, ಈ ವಾರ ಬಂದೇ ಬರುತ್ತೆ" ಅನ್ನೋರ ಮಾತು ಗೇಮ್‌ನ ಕಿವಿಗೆ ಬೀಳಲ್ಲ ಮಗಾ.

ನನ್ನ ತಕರಾರು ಇಲ್ಲೇ ಇರೋದು. ಲಕ್ ಇರ್ಲಿ, ಮಜಾ ಇರುತ್ತೆ. ಆದ್ರೆ ನಾವು ಹಾಕಿದ ಒಂದೊಂದು ವಾರವನ್ನೂ ಗೇಮ್ ಎಲ್ಲಾದ್ರೂ ಬರ್ಕೋಬೇಕಲ್ವಾ? ಫೈನಲ್ ಫ್ಯಾಂಟಸಿ 14ರಲ್ಲಿ ಎಕ್ಸ್‌ಟ್ರೀಮ್ ಬಾಸ್ ಗೆದ್ದಾಗ ಮೌಂಟ್ ಬರದಿದ್ರೂ ಟೋಟೆಮ್ ಕೈಗೆ ಬರುತ್ತೆ. 99 ಟೋಟೆಮ್ ಕೂಡಿಸಿ ಕೊಟ್ರೆ ಮೌಂಟ್ ನಿಮ್ಮದು. ಗೆನ್ಶಿನ್‌ನಲ್ಲಿ ವಾರದ ಬಾಸ್ ಬೇಡದ ಮೆಟೀರಿಯಲ್ಲನ್ನೇ ಕೊಡ್ತಿದ್ರೆ, ಡ್ರೀಮ್ ಸಾಲ್ವೆಂಟ್ ಹಾಕಿ ಅದೇ ಬಾಸ್‌ನ ಬೇಕಾದ ಮೆಟೀರಿಯಲ್‌ಗೆ ಬದಲಾಯಿಸ್ಕೋಬಹುದು. ಮಾಡೋಕಾಗಲ್ಲ ಅನ್ನೋಕಾಗಲ್ಲ, ಮಾಡಿದ್ದಾರೆ.

"ಎಲ್ಲರಿಗೂ ಸಿಕ್ರೆ ಬೆಲೆ ಏನು?" ಅಂತ ಒಬ್ಬ ಕಾಮೆಂಟ್ ಹಾಕೇ ಹಾಕ್ತಾನೆ. ಅಣ್ಣಾ, 99 ಟೋಟೆಮ್ ಕೂಡಿಸೋದೇನು ಬಿಟ್ಟಿನಾ? ಮೊದಲನೇ ಸಲಕ್ಕೇ ಕುದುರೆ ಬಂದು ಗ್ರೂಪಲ್ಲಿ ಸ್ಕ್ರೀನ್‌ಶಾಟ್ ಹಾಕೋನಿಗಿಂತ (ಪ್ರತಿ ಗ್ರೂಪಲ್ಲೂ ಒಬ್ಬ ಇರ್ತಾನೆ, ಮ್ಯೂಟ್ ಮಾಡಿ) ಅದು ದೊಡ್ಡದು.

ಕಾಸ್ಟ್ ಅಕೌಂಟಿಂಗ್‌ನಲ್ಲಿ ಸಂಕ್ ಕಾಸ್ಟ್ ಓದಿದ್ದೀವಿ. ಹೋದ ಖರ್ಚನ್ನ ಮುಂದಿನ ನಿರ್ಧಾರಕ್ಕೆ ಸೇರಿಸಬೇಡಿ ಅಂತ. ಇನ್ನೂರು ವಾರ ಹಾಕಿದವನಿಗೆ ಅದನ್ನ ಹೇಳಿ ನೋಡಿ, "ಇಷ್ಟು ಮಾಡಿ ಈಗ ಹೇಗೋ ಬಿಡ್ಲಿ" ಅಂತಾನೆ. ತಿಂಗಳ ಸಬ್‌ಸ್ಕ್ರಿಪ್ಷನ್ ಮುಂದಕ್ಕೆ ಹೋಗೋದು ಆ ಒಂದು ಮಾತಿನ ಮೇಲೆ. ರನ್ನಿಗೆ ಅರ್ಧ ಗಂಟೆ ಅಂದ್ರೂ 300ಕ್ಕೆ 150 ಗಂಟೆ. ಹತ್ತು ಕ್ಯಾರೆಕ್ಟರ್ ಮಾಡ್ಕೊಂಡು ವಾರಕ್ಕೆ ಹತ್ತು ಸಲ ಹೊಡೆಯೋರೂ ಇದ್ದಾರೆ. ಅದನ್ನ ಆಟ ಅನ್ನಲ್ಲ, ಸಂಬಳ ಇಲ್ಲದ ಡ್ಯೂಟಿ ಅಂತೀನಿ.

ನಾನಂತೂ ಹೊಸ ಬಾಸ್ ಐಟಂ ಬೆನ್ನು ಹತ್ತೋ ಮುಂಚೆ ಟೋಕನ್ ಇದೆಯಾ ಅಂತ ನೋಡ್ತೀನಿ. ಇಲ್ಲಾಂದ್ರೆ ಯೂಟ್ಯೂಬಲ್ಲಿ ಬೇರೆಯವರ ಕುದುರೆ ನೋಡಿ ಖುಷಿ ಪಡ್ತೀನಿ 🐎

ನಿಮ್ಮ ಕೌಂಟ್ ಎಷ್ಟಾಯ್ತು? ಯಾವ ಬಾಸ್, ಯಾವ ಐಟಂ? ಕೆಳಗೆ ಹಾಕಿ. 200 ದಾಟಿದವರನ್ನ ಸ್ಟೋರಿಗೆ ಹಾಕ್ತೀನಿ 🫡

#ಗೇಮ್‌ಲೆಕ್ಕ #ಬಿಕಾಂಹುಡುಗರು #ಕನ್ನಡಗೇಮರ್ಸ್